ತಾಮ್ರದ ಚೊಂಬಿನ ಮನೆಯಲ್ಲಿ ತಾಮ್ರ ಕಮ್ಮಿಯಾದ ಕಥೆ

ಹೋದ ವಾರ ಬಂದ ರಕ್ತದ ರಿಪೋರ್ಟಲ್ಲಿ ಸೀರಮ್ ಕಾಪರ್, ಅಂದರೆ ರಕ್ತದಲ್ಲಿರುವ ತಾಮ್ರ, 96 ಎಂದಿತ್ತು. ಒಂಬತ್ತು ತಿಂಗಳ ಹಿಂದೆ ಅದೇ ಜಾಗದಲ್ಲಿ ಬರೀ 9 ಇತ್ತು. ಆ 9ನ್ನು ಕಂಡುಹಿಡಿಯುವುದಕ್ಕೇ ಒಂದು ವರ್ಷದ ಮೇಲೆ ಹಿಡಿಯಿತು. ಅಷ್ಟರಲ್ಲಿ ಐದು ಜನ ಡಾಕ್ಟರು, ಎರಡು ಬಾಟಲಿ ಐರನ್, ಕುತ್ತಿಗೆಗೊಂದು ಪಟ್ಟಿ, ಸೊಂಟದ ಮೂಳೆಗೆ ಒಂದು ಸೂಜಿ, ಎಲ್ಲ ಆಗಿತ್ತು. ನನ್ನ ಹಾಗೆ ಯಾರಾದರೂ ಸುತ್ತಾಡುತ್ತಿದ್ದರೆ ಅವರಿಗೆ ಸ್ವಲ್ಪ ದಾರಿ ಉಳಿಯಲಿ ಎಂದು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಸಾಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ವಯಸ್ಸು 51. ಸಸ್ಯಾಹಾರಿ. ಇದು ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ಶುರುವಾಗಿದ್ದು 2021ರ ಮೇ ತಿಂಗಳಲ್ಲಿ. ಎರಡನೇ ಅಲೆಯಲ್ಲಿ ಮನೆಮಂದಿಗೆಲ್ಲ ಕೊರೋನ ಬಂತು. ಆಗ ಕೊಡುತ್ತಿದ್ದ ಕಿಟ್ ನೆನಪಿದೆಯಲ್ವಾ? ಪ್ಯಾರಾಸಿಟಮಾಲ್, ವಿಟಮಿನ್ ಸಿ, ಜಿಂಕ್. ಹತ್ತು ದಿನ ನುಂಗಿ ಎಲ್ಲರೂ ಎದ್ದು ಕೂತೆವು. ಎರಡು ತಿಂಗಳಾದ ಮೇಲೆ ನನಗೆ ಕೂದಲು ಉದುರಲು ಶುರುವಾಯಿತು. ಬಾಚಿದರೆ ಬಾಚಣಿಗೆ ತುಂಬ. ಚರ್ಮದ ಡಾಕ್ಟರು ದಿನಕ್ಕೊಂದು ಜಿಂಕ್ ಮಾತ್ರೆ, ಜೊತೆಗೆ ಕೂದಲಿಗೆಂದೇ ಒಂದು ಮಲ್ಟಿವಿಟಮಿನ್ ಬರೆದುಕೊಟ್ಟರು. ಚೀಟಿಯಲ್ಲಿ ಮೂರು ತಿಂಗಳು ಎಂದು ಸ್ಪಷ್ಟವಾಗಿಯೇ ಇತ್ತು. ಅವರದ್ದೇನೂ ತಪ್ಪಿಲ್ಲ.

ಕೂದಲು ಮತ್ತೆ ಬಂತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಲ್ಲಿ ಮತ್ತೆ ಉದುರುತ್ತದೋ ಎಂಬ ಭಯ. ಮೆಡಿಕಲ್ ಶಾಪಿನ ಹುಡುಗನಿಗೆ ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕು, ಹೊಸದು ಕೊಡುತ್ತಿದ್ದ. ಅಡುಗೆಮನೆ ಶೆಲ್ಫಲ್ಲಿ ಉಪ್ಪಿನಕಾಯಿ ಭರಣಿ ಪಕ್ಕ ಅದರ ಜಾಗ. ತಿಂಡಿ ತಿಂದು ಕೈ ತೊಳೆದ ಮೇಲೆ ಎರಡು ಮಾತ್ರೆ. ವಿಟಮಿನ್ ತಾನೇ, ಏನಾಗುತ್ತೆ? ಹೀಗೆ ಮೂರೂವರೆ ವರ್ಷ.

2024ರ ಜನವರಿಯಲ್ಲಿ ಸ್ಕೂಲಿನ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಹಿಮೋಗ್ಲೋಬಿನ್ 8.1. ಮುಟ್ಟು ನಿಲ್ಲುವ ವಯಸ್ಸು, ಹೀಗೆ ಆಗುತ್ತದೆ ಎಂದು ಮೂರು ತಿಂಗಳು ಐರನ್ ಮಾತ್ರೆ ಕೊಟ್ಟರು. 7.9 ಆಯಿತು. ಶಿವಮೊಗ್ಗದಲ್ಲಿ ಒಂದು ದಿನ ಅಡ್ಮಿಟ್ ಮಾಡಿ ಎರಡು ಬಾಟಲಿ ಐರನ್ ಏರಿಸಿದರು. 7.8. ಖರ್ಚು ಒಂಬತ್ತು ಸಾವಿರ. ವಿಚಿತ್ರ ಅಂದರೆ ಫೆರಿಟಿನ್ ಟೆಸ್ಟಲ್ಲಿ ಕಬ್ಬಿಣ ಬೇಕಾದಷ್ಟಿದೆ ಎಂದು ಬಂತು. ಉಗ್ರಾಣ ತುಂಬಿದೆ, ಊಟಕ್ಕೆ ಮಾತ್ರ ಏನೂ ಬರುತ್ತಿಲ್ಲ ಅನ್ನುವ ಹಾಗೆ. ಅದೇ ರಿಪೋರ್ಟಿನಲ್ಲಿ ಬಿಳಿರಕ್ತಕಣ 2,400 ಎಂದು ಪಕ್ಕಕ್ಕೊಂದು ನಕ್ಷತ್ರ ಹಾಕಿದ್ದರು. ನಾಲ್ಕು ಸಾವಿರಕ್ಕಿಂತ ಮೇಲಿರಬೇಕಾದ್ದು. ಎಲ್ಲರೂ ಹಿಮೋಗ್ಲೋಬಿನ್ ನೋಡಿದರು, ಆ ನಕ್ಷತ್ರದ ಬಗ್ಗೆ ಯಾರೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ನಿಮ್ಮ ಕೈಗೆ ರಿಪೋರ್ಟ್ ಬಂದರೆ ಡಾಕ್ಟರ ಹತ್ತಿರ ಹೋಗುವ ಮುಂಚೆ ನಕ್ಷತ್ರ ಇರುವ ಸಾಲುಗಳಿಗೆ ಪೆನ್ನಲ್ಲಿ ಗೆರೆ ಎಳೆದುಕೊಳ್ಳಿ. ಒಂದೊಂದಕ್ಕೂ "ಇದೇನು ಸಾರ್?" ಎಂದು ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಆಗಸ್ಟ್ ಹೊತ್ತಿಗೆ ಕಾಲು ಶುರುವಾಯಿತು. ಬರಿಗಾಲಲ್ಲಿ ನಡೆದರೂ ಸಾಕ್ಸ್ ಹಾಕಿದ ಹಾಗೆ. ಆಮೇಲೆ ಎರಡು ಸಾಕ್ಸ್ ಹಾಕಿದ ಹಾಗೆ. ಒಂದು ದಿನ ಬಸ್ಸಿಳಿದು ಗೇಟಿನವರೆಗೆ ಬಂದಿದ್ದೇನೆ, ಹಿಂದಿನಿಂದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಓಡಿ ಬಂದಳು. ಕೈಯಲ್ಲಿ ನನ್ನ ಎಡಗಾಲಿನ ಚಪ್ಪಲಿ. "ಮಿಸ್, ಇದು ಬಸ್ ಸ್ಟಾಪಲ್ಲೇ ಬಿದ್ದಿತ್ತು." ಕೆಳಗೆ ನೋಡಿದರೆ ಎಡಗಾಲು ಬರಿಗಾಲು, ಕೆಸರಾಗಿದೆ. ಅಷ್ಟು ದೂರ ಒಂದೇ ಚಪ್ಪಲಿಯಲ್ಲಿ ನಡೆದಿದ್ದು ನನಗೆ ಗೊತ್ತೇ ಆಗಿರಲಿಲ್ಲ. ನಕ್ಕು ಚಪ್ಪಲಿ ಹಾಕಿಕೊಂಡೆ. ಸ್ಟಾಫ್ ರೂಮಿಗೆ ಹೋದ ಮೇಲೆ ಕೈ ನಡುಗಿತು.

ಮೂಳೆ ಡಾಕ್ಟರು ಕುತ್ತಿಗೆ ಎಕ್ಸ್‌ರೇ ತೆಗೆಸಿ ಸವೆದಿದೆ ಎಂದರು. ಐವತ್ತು ದಾಟಿದವರ ಕುತ್ತಿಗೆ ಸವೆದಿರದೆ ಇನ್ನೇನು? ಪಟ್ಟಿ ಹಾಕಿಕೊಂಡು ಪಾಠ ಮಾಡಿದೆ. ಸಸ್ಯಾಹಾರಿ ಎಂದ ಕೂಡಲೇ ಬಿ12 ಎಂದು ಇಂಜೆಕ್ಷನ್ ಶುರುವಾಯಿತು. ಅದು ಸರಿಯಾದ ಅನುಮಾನವೇ. ಬಿ12 ಕಮ್ಮಿಯಾದರೂ ಹೀಗೇ ಕಾಲು ಮರಗಟ್ಟುತ್ತದೆ. ಆದರೆ ಇಂಜೆಕ್ಷನ್ನಿಗೆ ಮುಂಚೆ ರಕ್ತ ತೆಗೆದು ನೋಡಿದ್ದರೆ ಅದು ಸರಿಯಾಗಿಯೇ ಇದೆ ಎಂದು ಆಗಲೇ ತಿಳಿಯುತ್ತಿತ್ತೇನೋ. ಇಂಜೆಕ್ಷನ್ ಆದ ಮೇಲೆ ಟೆಸ್ಟ್ ಮಾಡಿಸಿದರೆ ಜಾಸ್ತಿಯೇ ತೋರಿಸುತ್ತದೆ. ಮೊದಲು ರಕ್ತ, ಆಮೇಲೆ ಸೂಜಿ. ಇದನ್ನು ನೆನಪಿಟ್ಟುಕೊಳ್ಳಿ.

ನವೆಂಬರಿನಲ್ಲಿ ಬಚ್ಚಲುಮನೆಯಲ್ಲಿ ಬಿದ್ದೆ. ನಮ್ಮದು ಹಳೇ ಮನೆ. ಒಲೆ ಮೇಲೆ ದೊಡ್ಡ ತಾಮ್ರದ ಹಂಡೆ, ಅತ್ತೆಯವರ ಕಾಲದ್ದು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೆ, ಅಷ್ಟೇ. ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ತಿಳಿಯಲಿಲ್ಲ. ದೇಹ ಒಂದು ಕಡೆ ವಾಲಿತು. ಹಿಡಿದುಕೊಳ್ಳಲು ಕೈ ಚಾಚಿದರೆ ಸಿಕ್ಕಿದ್ದು ಕಾದ ಹಂಡೆಯ ಕಂಠ. ಬಲ ಮುಂಗೈ ಸುಟ್ಟಿತು. ಈಗಲೂ ಅಲ್ಲಿ ಎರಡಿಂಚು ಉದ್ದದ ಕಲೆ ಇದೆ. ಆಮೇಲೆ ನ್ಯೂರಾಲಜಿಸ್ಟ್ ಹೇಳಿದರು, ಕಣ್ಣು ಮುಚ್ಚಿದರೆ ವಾಲುವುದು ಬೆನ್ನುಹುರಿಯ ಹಿಂಭಾಗಕ್ಕೆ ಪೆಟ್ಟಾದವರ ಗುರುತು ಎಂದು. ಕಾಲು ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಹೋಗುವುದು ಆ ದಾರಿಯಲ್ಲಿ. ದಾರಿ ಹಾಳಾದಾಗ ಕಣ್ಣೇ ಆ ಕೆಲಸ ಮಾಡುತ್ತಿರುತ್ತದೆ. ಕಣ್ಣು ಮುಚ್ಚಿದರೆ ಮುಗಿಯಿತು. ಮನೆಯಲ್ಲಿ ಯಾರಾದರೂ ಮುಖ ತೊಳೆಯುವಾಗ ಓಲಾಡುತ್ತಾರೆ ಎಂದರೆ ಪಿತ್ತ ಎಂದು ಸುಮ್ನೆ ಬಿಡಬೇಡಿ.

ಮಗ ಹಟ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಹೋದ. ರಾತ್ರಿ ರೈಲು, ರಾಜಾಜಿನಗರದಲ್ಲಿ ತಂಗಿ ಮನೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ರಕ್ತದ ಡಾಕ್ಟರನ್ನು ನೋಡಿದೆವು. ಕೆಂಪು ಕಣ, ಬಿಳಿ ಕಣ ಎರಡೂ ಕಮ್ಮಿ ಎಂದರೆ ಕಾರ್ಖಾನೆಯಲ್ಲೇ ತೊಂದರೆ, ಎಲುಬಿನ ಮಜ್ಜೆ ನೋಡಬೇಕು ಎಂದರು. ಎಂಡಿಎಸ್ ಎಂಬ ಮೂರಕ್ಷರ ಮೊದಲು ಕೇಳಿದ್ದು ಅಲ್ಲಿ. ಮುಂದೆ ಕೆಲವರಲ್ಲಿ ಬ್ಲಡ್ ಕ್ಯಾನ್ಸರಿಗೆ ತಿರುಗುವ ಕಾಯಿಲೆ. ಅವತ್ತು ತಂಗಿ ಮಾಡಿದ ಸಾರು ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ.

ಮಜ್ಜೆ ಪರೀಕ್ಷೆಗೆ ಹೆದರುವವರಿಗೆ ಒಂದು ಮಾತು. ಮಗ್ಗುಲಾಗಿ ಮಲಗಿಸಿ ಸೊಂಟದ ಹಿಂದಿನ ಮೂಳೆಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಸೂಜಿ ಹೋಗುವಾಗ ಒತ್ತಿದಂತೆ ಅನಿಸುತ್ತದೆ, ಅಷ್ಟೇ. ಮಜ್ಜೆ ಎಳೆಯುವ ಆ ಕೆಲವು ಸೆಕೆಂಡ್ ಮಾತ್ರ ಜೀವ ಕಾಲಿನಿಂದ ಹೊರಟಂತೆ ಆಗುತ್ತದೆ. ಅರ್ಧ ಗಂಟೆಯ ಕೆಲಸ. ನನಗೆ 14,500 ಆಯಿತು. ಇನ್ಶೂರೆನ್ಸಿನವರು ಅಡ್ಮಿಟ್ ಆಗಿಲ್ಲ ಎಂದು ಕೊಡಲಿಲ್ಲ. ಮೊದಲೇ ಫೋನ್ ಮಾಡಿ ಡೇ ಕೇರ್ ಲೆಕ್ಕದಲ್ಲಿ ಬರುತ್ತದಾ ಎಂದು ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ.

ಹನ್ನೆರಡು ದಿನಕ್ಕೆ ರಿಪೋರ್ಟ್ ಬಂತು. ಎರಡು ಪುಟ. "ಎಂಡಿಎಸ್ ಇರಬಹುದು, ಖಚಿತವಿಲ್ಲ, ಆರು ವಾರ ಬಿಟ್ಟು ಮತ್ತೆ ನೋಡೋಣ" ಎಂದು ಕಳಿಸಿದರು. ಆ ರಿಪೋರ್ಟಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಕಣಗಳೊಳಗೆ ಗುಳ್ಳೆಗಳು ಕಾಣುತ್ತಿವೆ, ಕಾಪರ್ ಮತ್ತು ಜಿಂಕ್ ಮಟ್ಟ ನೋಡುವುದು ಒಳ್ಳೆಯದು ಎಂದು. ಸೂಕ್ಷ್ಮದರ್ಶಕದ ಮುಂದೆ ಕೂತ ಯಾರೋ ಒಬ್ಬರು, ನನ್ನ ಮುಖವನ್ನೇ ನೋಡದವರು, ಸರಿಯಾಗಿ ಹಿಡಿದಿದ್ದರು. ಡಾಕ್ಟರು ಆ ಸಾಲು ದಾಟಿ ಹೋದರು. ದಿನಾ ಮಕ್ಕಳಿಗೆ "ಪ್ರಶ್ನೆಪತ್ರಿಕೆ ಪೂರ್ತಿ ಓದಿ" ಎನ್ನುವ ನಾನೂ ದಾಟಿ ಹೋದೆ. ಫೈಲಿನೊಳಗೆ ಅದು ಮೂರು ವಾರ ಮಲಗಿತ್ತು.

ನ್ಯೂರಾಲಜಿಸ್ಟ್ ಹತ್ತಿರ ಹೋಗಿದ್ದು ತಂಗಿಯ ಕಾಟಕ್ಕೆ. "ಅಕ್ಕ, ರಕ್ತ ಆಮೇಲೆ, ನೀನು ನಡೆಯೋದು ನೋಡಕ್ಕಾಗ್ತಿಲ್ಲ" ಎಂದಳು. 2025ರ ಫೆಬ್ರವರಿ. ಟೋಕನ್ 43, ನಾಲ್ಕು ಗಂಟೆ ಕಾದೆವು. ವಯಸ್ಸಾದ ಡಾಕ್ಟರು. ಟ್ಯೂನಿಂಗ್ ಫೋರ್ಕ್ ತಟ್ಟಿ ಪಾದದ ಗಂಟಿಗೆ ಇಟ್ಟರು. "ನಡುಗುತ್ತಿದೆಯಾ?" ಇಲ್ಲ. ಮಂಡಿಗೆ ಇಟ್ಟರು. ಇಲ್ಲ. ಸೊಂಟದ ಮೂಳೆಗೆ ಇಟ್ಟಾಗ ಜುಂ ಎಂದಿತು. ನಮ್ಮ ಲ್ಯಾಬಲ್ಲಿ ಅಂಥದ್ದೇ ಆರು ಫೋರ್ಕ್ ಇವೆ. ಶಬ್ದದ ಪಾಠಕ್ಕೆ ಪ್ರತಿ ವರ್ಷ ತೆಗೆಯುತ್ತೇನೆ. ಅದು ನಡುಗುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ಕಿವಿಗೂ ಕೇಳುತ್ತಿದೆ, ಕಾಲಿಗೆ ಮಾತ್ರ ಬರೀ ತಣ್ಣಗಿನ ಕಬ್ಬಿಣ.

"ಏನೇನು ಮಾತ್ರೆ ತಗೊಳ್ತಿದೀರಿ?"

"ಐರನ್ ಬಿಟ್ಟರೆ ಏನೂ ಇಲ್ಲ ಡಾಕ್ಟ್ರೇ."

ಪಕ್ಕದಿಂದ ನಮ್ಮನೆಯವರು, "ಆ ಕೂದಲಿನ ಮಾತ್ರೆ?" ಎಂದರು.

ಪರ್ಸಿನಲ್ಲೇ ಇತ್ತು. ಕೊಟ್ಟೆ. ಕನ್ನಡಕ ಹಣೆಗೇರಿಸಿ ಸ್ಟ್ರಿಪ್ಪಿನ ಹಿಂಭಾಗ ಓದಿದರು. ಇನ್ನೊಂದನ್ನೂ ಓದಿದರು. "ಎಷ್ಟು ದಿನದಿಂದ?" ಮೂರೂವರೆ ವರ್ಷ ಎಂದೆ. ಪೆನ್ನು ಕೆಳಗಿಟ್ಟು ನನ್ನ ಫೈಲನ್ನು ಮೊದಲಿನಿಂದ ತಿರುವಿದರು. ಮಜ್ಜೆಯ ರಿಪೋರ್ಟಿನ ಆ ಕೊನೇ ಸಾಲಿನ ಮೇಲೆ ಬೆರಳಿಟ್ಟು ನಮ್ಮ ಕಡೆ ತಿರುಗಿಸಿದರು. ನನ್ನನ್ನು ಐದು ಜನ ಡಾಕ್ಟರು ಈ ಪ್ರಶ್ನೆ ಕೇಳಿದ್ದಾರೆ. ಐದೂ ಸಲ "ಏನೂ ಇಲ್ಲ" ಎಂದೇ ಹೇಳಿದ್ದೇನೆ. ಸುಳ್ಳು ಹೇಳಬೇಕೆಂದಲ್ಲ. ಅದು ಮಾತ್ರೆಯ ಲೆಕ್ಕಕ್ಕೇ ಬಂದಿರಲಿಲ್ಲ. ದಯವಿಟ್ಟು ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲವನ್ನೂ ಒಂದು ಕವರಿಗೆ ಸುರಿದುಕೊಂಡು ಹೋಗಿ. ಪುಡಿ, ಲೇಹ್ಯ, ಕೂದಲಿನದ್ದು, ಎಲ್ಲ.

ಲೆಕ್ಕ ಹಾಕಿದರೆ ಹೀಗಿತ್ತು. ಒಂದು ಮಾತ್ರೆಯಲ್ಲಿ 50 ಮಿಲಿಗ್ರಾಂ ಜಿಂಕ್, ಇನ್ನೊಂದರಲ್ಲಿ 22. ಒಟ್ಟು 72. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ ಬೇಕಾದ್ದು ಸುಮಾರು 13. ಅಮೆರಿಕದವರು ದೊಡ್ಡವರಿಗೆ 40ರ ಮೇಲೆ ಹೋಗಬೇಡಿ ಎನ್ನುತ್ತಾರೆ. ಡಾಕ್ಟರು ಬೇಕೆಂದೇ ಜಾಸ್ತಿ ಕೊಡುವ ಸಂದರ್ಭಗಳಿವೆ, ಅದು ಬೇರೆ. ಲೇಬಲ್ ಓದುವಾಗ ಒಂದು ಎಡವಟ್ಟು ಇದೆ: ಜಿಂಕ್ ಸಲ್ಫೇಟ್ 220 ಎಂದು ಬರೆದಿದ್ದರೆ ಅದರಲ್ಲಿ ನಿಜವಾದ ಜಿಂಕ್ ಸುಮಾರು 50. 'ಎಲಿಮೆಂಟಲ್' ಎಂಬ ಪದದ ಪಕ್ಕ ಇರುವ ಅಂಕಿಯನ್ನೇ ನೋಡಿ.

ಜಿಂಕ್ ತಿಂದರೆ ತಾಮ್ರ ಯಾಕೆ ಹೋಗಬೇಕು? ಹತ್ತನೇ ಕ್ಲಾಸಿಗೆ ಪ್ರತಿ ವರ್ಷ ತೋರಿಸುತ್ತೇನೆ, ಮೈಲುತುತ್ತದ (ಕಾಪರ್ ಸಲ್ಫೇಟ್) ನೀಲಿ ನೀರಿಗೆ ಸತುವಿನ, ಅಂದರೆ ಜಿಂಕಿನ, ಚೂರು ಹಾಕಿದರೆ ಬಣ್ಣ ಮಾಸುತ್ತದೆ, ಕೆಂಪಗೆ ತಾಮ್ರ ಹೊರಗೆ ಬೀಳುತ್ತದೆ. ಹೊಟ್ಟೆಯಲ್ಲೂ ಅದೇ ಆಗಿದೆಯಾ ಎಂದು ಕೇಳಿದೆ. ಡಾಕ್ಟರು ನಕ್ಕರು. "ಅಲ್ಲ ಟೀಚರ್, ಇದು ಬೇರೆ ಆಟ." ಕರುಳಿನ ಗೋಡೆಯ ಜೀವಕೋಶಗಳು ಲೋಹ ಹಿಡಿದಿಡುವ ಒಂದು ಪ್ರೋಟೀನ್ ಮಾಡುತ್ತವೆ. ಜಿಂಕ್ ಜಾಸ್ತಿ ಬಂದರೆ ಆ ಪ್ರೋಟೀನ್ ಜಾಸ್ತಿ ಆಗುತ್ತದೆ. ಆದರೆ ಅದಕ್ಕೆ ಜಿಂಕ್‌ಗಿಂತ ತಾಮ್ರದ ಮೇಲೆ ಪ್ರೀತಿ ಹೆಚ್ಚು. ಊಟದಲ್ಲಿ ಬಂದ ತಾಮ್ರವನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಬಿಡುವುದಿಲ್ಲ. ಕೆಲವು ದಿನಕ್ಕೆ ಆ ಕೋಶಗಳು ಉದುರುತ್ತವೆ, ಜೊತೆಗೆ ತಾಮ್ರವೂ ಮಲದಲ್ಲಿ ಹೋಗುತ್ತದೆ.

ಕಬ್ಬಿಣದ ಉಗ್ರಾಣದ ಗುಟ್ಟೂ ಆಗ ತಿಳಿಯಿತು. ಉಗ್ರಾಣದಿಂದ ಹೊರಬಂದ ಕಬ್ಬಿಣ ರಕ್ತದಲ್ಲಿ ಸಾಗಬೇಕಾದರೆ ತಾಮ್ರ ಇರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್ ಬೇಕು. ಅದಿಲ್ಲದಿದ್ದರೆ ಬಾಟಲಿಗಟ್ಟಲೆ ಐರನ್ ಏರಿಸಿದರೂ ಗೋದಾಮು ತುಂಬುತ್ತದೆ, ಅಷ್ಟೇ. ಇದೇನು ಹೊಸ ವಿಷಯವಲ್ಲ. 1928ರಲ್ಲೇ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಕ್ತಹೀನತೆಯ ಇಲಿಗಳಿಗೆ ಬರೀ ಕಬ್ಬಿಣ ಕೊಟ್ಟರೆ ಪ್ರಯೋಜನವಿಲ್ಲ, ತಾಮ್ರವೂ ಬೇಕು ಎಂದು ತೋರಿಸಿದ್ದರಂತೆ. 1930ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕುರಿಮರಿಗಳ ಹಿಂಗಾಲು ಸೋಲುವ ಕಾಯಿಲೆಗೂ ತಾಮ್ರದ ಕೊರತೆಯೇ ಕಾರಣ ಎಂದು ಗೊತ್ತಾಗಿತ್ತು. ತಾಮ್ರ ಕಮ್ಮಿಯಾದರೆ ಮನುಷ್ಯರ ಬೆನ್ನುಹುರಿಗೂ ಪೆಟ್ಟಾಗುತ್ತದೆ ಎಂದು ಡಾಕ್ಟರು ಸರಿಯಾಗಿ ಗುರುತಿಸಲು ಶುರುಮಾಡಿದ್ದು ಮಾತ್ರ 2000ದ ಈಚೆಗೆ. ಕುರಿಗಳಿಗೆ ನಮಗಿಂತ ಮುಂಚೆ ನ್ಯಾಯ ಸಿಕ್ಕಿದೆ.

ಈಗ ಟೆಸ್ಟಿನ ಫಜೀತಿ. ತಾಮ್ರ ನೋಡಲು ರಕ್ತವನ್ನು ಲೋಹದ ಅಂಶ ಇಲ್ಲದ ಬೇರೆ ಟ್ಯೂಬಿಗೇ ತೆಗೆಯಬೇಕು. ಕಡುನೀಲಿ ಮುಚ್ಚಳದ್ದು. ಮನೆ ಹತ್ತಿರದ ಲ್ಯಾಬಿನ ಹುಡುಗ ಮಾಮೂಲಿ ಟ್ಯೂಬಿಗೆ ತೆಗೆದ. ಎರಡು ದಿನ ಬಿಟ್ಟು ಫೋನ್ ಬಂತು, "ಮೇಡಂ, ಸ್ಯಾಂಪಲ್ ರಿಜೆಕ್ಟ್ ಆಗಿದೆ." ಮತ್ತೆ ಚುಚ್ಚಿಸಿಕೊಂಡೆ. "ಟ್ರೇಸ್ ಎಲಿಮೆಂಟ್ ಟ್ಯೂಬ್ ಇದೆಯಾ?" ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಬೇರೆ ಲ್ಯಾಬಿಗೆ ಹೋಗಿ. ಕಾಪರ್ 1,400, ಜಿಂಕ್ 1,200, ಸೆರುಲೋಪ್ಲಾಸ್ಮಿನ್ 950 ರೂಪಾಯಿ ಕೊಟ್ಟೆ. ಸ್ಯಾಂಪಲ್ ಬೇರೆ ಊರಿಗೆ ಹೋಗಿ ಬರಲು ಆರು ದಿನ. ತಾಮ್ರ 9, ಇರಬೇಕಾದ್ದು 80ರ ಮೇಲೆ. ಸೆರುಲೋಪ್ಲಾಸ್ಮಿನ್ 4, ಇರಬೇಕಾದ್ದು 20ರ ಮೇಲೆ. ಜಿಂಕ್ 190, ಮಿತಿಗಿಂತ ಎಷ್ಟೋ ಮೇಲೆ.

ರಿಪೋರ್ಟ್ ಮೊಬೈಲಿಗೆ ಬಂದಿದ್ದು ರಾತ್ರಿ ಹನ್ನೊಂದಕ್ಕೆ. ಮಗ ಸೆರುಲೋಪ್ಲಾಸ್ಮಿನ್ ಕಮ್ಮಿ ಎಂದು ಹುಡುಕಿದ್ದೇ ತಡ, ಎಲ್ಲಿ ನೋಡಿದರೂ ವಿಲ್ಸನ್ ಕಾಯಿಲೆ. ಅದರಲ್ಲಿ ಲಿವರಿನಲ್ಲಿ, ಮೆದುಳಿನಲ್ಲಿ ತಾಮ್ರ ತುಂಬಿಕೊಳ್ಳುತ್ತದೆ. "ಅಮ್ಮ, ನಿಂಗೆ ತಾಮ್ರ ಕಮ್ಮಿ ಅಲ್ಲ, ಜಾಸ್ತಿ!" ಎಂದ. ಚಿಕಿತ್ಸೆ ಏನು ಎಂದು ಮುಂದೆ ಓದಿದ. ಅದಕ್ಕೆ ಕೊಡುವ ಔಷಧಿಗಳಲ್ಲಿ ಒಂದು ಜಿಂಕ್! ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಡಾಕ್ಟರಿಗೆ ಹೇಳಿದರೆ, ಅನುಮಾನ ತಪ್ಪಲ್ಲ, ಎರಡರಲ್ಲೂ ರಕ್ತದ ಅಂಕಿ ಕಮ್ಮಿಯೇ ಇರುತ್ತದೆ, ಮೂತ್ರದಲ್ಲಿ ವ್ಯತ್ಯಾಸ ತಿಳಿಯುತ್ತದೆ ಎಂದರು. ವಿಲ್ಸನ್ ಇದ್ದರೆ ಮೂತ್ರದಲ್ಲಿ ತಾಮ್ರ ಜಾಸ್ತಿ, ಕೊರತೆ ಇದ್ದರೆ ಕಮ್ಮಿ. 24 ಗಂಟೆಯ ಮೂತ್ರ ಹಿಡಿದು ತನ್ನಿ ಎಂದರು.

ಲ್ಯಾಬಿನವರು ಐದು ಲೀಟರಿನ ಕ್ಯಾನ್ ಕೊಟ್ಟರು. ಬೆಳಗಿನ ಮೊದಲನೆಯದನ್ನು ಬಿಟ್ಟು, ಮರುದಿನದ ಮೊದಲನೆಯದನ್ನು ಸೇರಿಸಿ ನಿಲ್ಲಿಸಬೇಕು. ನಡುವೆ ಒಂದು ಸಲ ತಪ್ಪಿದರೂ ಎಲ್ಲ ಚೆಲ್ಲಿ ಮತ್ತೆ ಶುರು. ತಂಗಿಯ ಫ್ರಿಡ್ಜಿನ ಕೆಳಗಿನ ಖಾನೆಯಲ್ಲಿ ತರಕಾರಿ ತೆಗೆದು ಅದನ್ನಿಟ್ಟೆವು. ತಂಗಿ ಬಾಯಲ್ಲಿ ಏನೂ ಅನ್ನಲಿಲ್ಲ. ಫ್ರಿಡ್ಜ್ ಬಾಗಿಲಿಗೆ ಮಾತ್ರ "ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದಳು. ಮರುದಿನ ಕಪ್ಪು ಕವರಲ್ಲಿ ಹಾಕಿಕೊಂಡು ಮೆಟ್ರೋ ಹತ್ತಲು ಹೋದರೆ ಸ್ಕ್ಯಾನರಿನ ಹತ್ತಿರ ಸೆಕ್ಯುರಿಟಿಯ ಹೆಂಗಸು ತಡೆದರು. "ಏನಮ್ಮ ಇದು, ಎಣ್ಣೇನಾ?" ಮಗ ತಲೆ ತಗ್ಗಿಸಿದ. ನಾನೇ ಹೇಳಿದೆ, "ಯೂರಿನ್. ಲ್ಯಾಬಿಗೆ." ಪಾಪ, ಆಕೆ ಎರಡು ಹೆಜ್ಜೆ ಹಿಂದೆ ಸರಿದು ಹೋಗಿ ಹೋಗಿ ಎಂದು ಕೈ ಬೀಸಿದರು. ಮೂತ್ರದಲ್ಲಿ ತಾಮ್ರ ಕಮ್ಮಿಯೇ ಬಂತು. ವಿಲ್ಸನ್ ಅಲ್ಲ. ಕುತ್ತಿಗೆಯ ಎಂಆರ್‌ಐಯಲ್ಲಿ ಬೆನ್ನುಹುರಿಯ ಹಿಂಭಾಗದಲ್ಲಿ ಬಿಳಿ ಗೆರೆ ಕಂಡಿತು. ಅದಕ್ಕೆ 8,000. ಜಿಂಕ್ ಅಂತೂ ನ್ಯೂರಾಲಜಿಸ್ಟ್ ಸ್ಟ್ರಿಪ್ ಓದಿದ ದಿನವೇ ನಿಂತಿತ್ತು.

ಊರಿಗೆ ಬಂದು ವಿಷಯ ಹೇಳಿದರೆ ಅತ್ತೆ ನಂಬಲೇ ಇಲ್ಲ. "ಅಲ್ವೇ ಮಾರಾಯ್ತಿ, ತಾಮ್ರದ ಹಂಡೇಲಿ ಸ್ನಾನ, ತಾಮ್ರದ ಚೊಂಬಲ್ಲಿ ನೀರು, ದೇವರ ಮುಂದೆ ತಾಮ್ರದ ತಟ್ಟೆ. ಈ ಮನೇಲಿ ತಾಮ್ರ ಕಮ್ಮಿಯಾ?" ಅವರ ಪ್ರಶ್ನೆಯಲ್ಲಿ ಅರ್ಥ ಇದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಸತ್ತಿದ್ದವು. ಆ ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ, ಅದಕ್ಕಿಂತ ಎಷ್ಟೋ ಕೆಳಗೆ. ಎರಡು ಲೀಟರ್ ಕುಡಿದರೆ 0.35 ಬರಬಹುದು. ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ ಬೇಕಾದ್ದು 0.9. ಅಂದರೆ ಚೊಂಬಿನ ನೀರು ಕೆಲಸಕ್ಕೆ ಬಾರದ್ದೇನಲ್ಲ. ಆದರೆ ಕರುಳಿನ ಬಾಗಿಲಲ್ಲಿ ಜಿಂಕ್ ಕಾವಲು ನಿಂತಿದ್ದಾಗ ಚೊಂಬಿನದ್ದೂ ಅಷ್ಟೇ, ಊಟದ್ದೂ ಅಷ್ಟೇ.

ಮೈದುನನದ್ದು ಇನ್ನೊಂದು. "ಅತ್ತಿಗೆ, ಮಳೆಗಾಲ ಬಂದ್ರೆ ತೋಟಕ್ಕೆ ಅಷ್ಟು ಮೈಲುತುತ್ತ ಹೊಡೀತೀವಿ, ಒಂದು ಚಿಟಿಕೆ ನೀವೂ ತಗೊಳ್ಳಿ" ಎಂದ. ತಮಾಷೆಗೇ ಹೇಳಿದ್ದು. ಆದರೂ ಬರೆಯುತ್ತೇನೆ, ಯಾರೂ ಆ ಕೆಲಸ ಮಾಡಬೇಡಿ. ಅಡಿಕೆ ಕೊಳೆಗೆ ಹೊಡೆಯುವ ಮೈಲುತುತ್ತ ಹೊಟ್ಟೆಗೆ ವಿಷ. ಜೀವ ಹೋಗುತ್ತದೆ.

ಹಾಗಾದರೆ ತಾಮ್ರದ ಮಾತ್ರೆ? ಇಷ್ಟೆಲ್ಲ ಆಗಿ ಕಾಯಿಲೆ ಸಿಕ್ಕಿತು, ಔಷಧಿ ಸಿಗಲಿಲ್ಲ. ಸಾಗರ, ಶಿವಮೊಗ್ಗ, ಬೆಂಗಳೂರು ಸೇರಿ ಹನ್ನೊಂದು ಮೆಡಿಕಲ್ ಶಾಪ್ ಸುತ್ತಿದೆವು. ಬರೀ ತಾಮ್ರದ ಮಾತ್ರೆ ಎಲ್ಲೂ ಇರಲಿಲ್ಲ. ತಾಮ್ರ ಇರುವ ಮಲ್ಟಿವಿಟಮಿನ್ ಬೇಕಾದಷ್ಟು ತೋರಿಸಿದರು. ತಿರುಗಿಸಿ ಓದಿದರೆ ಎಲ್ಲದರಲ್ಲೂ ಜಿಂಕ್! "ಜಿಂಕ್ ಇಲ್ಲದ್ದು ಯಾಕೆ ಮೇಡಂ, ಇಮ್ಯೂನಿಟಿಗೆ ಒಳ್ಳೇದು" ಎಂದ ಒಬ್ಬ. ಕೊನೆಗೆ ಆನ್‌ಲೈನಿನಲ್ಲಿ ಹೊರದೇಶದ್ದು ಸಿಕ್ಕಿತು, 2 ಮಿಲಿಗ್ರಾಮಿನ ನೂರು ಮಾತ್ರೆಗೆ 1,650. ಬರಲು ಹದಿಮೂರು ದಿನ. ಪಾರ್ಸೆಲ್ ಎಲ್ಲಿದೆ ಎಂದು ದಿನಕ್ಕೆ ಹತ್ತು ಸಲ ಮೊಬೈಲ್ ನೋಡಿದ್ದೇನೆ. ಡಬ್ಬಿ ಬಂದ ಮೇಲೆ ಅದರ ಲೇಬಲಿನ ಫೋಟೋ ಡಾಕ್ಟರಿಗೆ ಕಳಿಸಿ, ಅವರು ಸರಿ ಎಂದ ಮೇಲೆಯೇ ನುಂಗಿದೆ.

ನನಗೆ ಮೊದಲ ವಾರ ದಿನಕ್ಕೆ 8 ಮಿಲಿಗ್ರಾಂ, ಎರಡನೇ ವಾರ 6, ಮೂರನೇ ವಾರ 4, ಆಮೇಲೆ 2. ಇದು ನನ್ನ 9ಕ್ಕೆ ಅವರು ಬರೆದ ಲೆಕ್ಕ. ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು, ತಾಮ್ರ ಜಾಸ್ತಿಯಾದರೆ ಲಿವರಿಗೆ ಪೆಟ್ಟು. ಬರೀ ಹೊಟ್ಟೆಯಲ್ಲಿ ತಗೊಂಡ ದಿನ ಹೊಟ್ಟೆ ತೊಳಸಿ ವಾಂತಿಯಾಯಿತು. ಊಟದ ಮೇಲೆ ತಗೊಂಡರೆ ಏನೂ ಆಗಲಿಲ್ಲ. ಊಟದಲ್ಲಿ ಎಳ್ಳು, ಗೋಡಂಬಿ, ಕಡಲೆ, ಸೂರ್ಯಕಾಂತಿ ಬೀಜ ಹೇಳಿದರು. ಒಂದು ಹಿಡಿ ಗೋಡಂಬಿಯಲ್ಲಿ ಅರ್ಧ ಮಿಲಿಗ್ರಾಮಿನ ಮೇಲೆ ತಾಮ್ರ ಇದೆಯಂತೆ. ಮಾಂಸ ತಿನ್ನುವವರಿಗೆ ಲಿವರ್ ಇದೆ. ನಾನು ಎಳ್ಳುಂಡೆ ತಿಂದೆ, ಸಂಕ್ರಾಂತಿ ಬಾರದಿದ್ದರೂ. ಇನ್ನೊಂದು ವಿಷಯ ಡಾಕ್ಟರು ಹೇಳಿದ್ದು: ತೂಕ ಇಳಿಸಲು ಅಥವಾ ಬೇರೆ ಕಾರಣಕ್ಕೆ ಹೊಟ್ಟೆ ಆಪರೇಷನ್ ಆದವರಲ್ಲಿ ಜಿಂಕ್ ತಿನ್ನದಿದ್ದರೂ ವರ್ಷಗಳಾದ ಮೇಲೆ ಇದು ಬರಬಹುದು, ಅಂಥವರು ತಾಮ್ರ ನೋಡಿಸಿಕೊಳ್ಳುತ್ತಿರಬೇಕು. ಸಾಮಾನ್ಯ ಊಟ ಮಾಡುವ ಆರೋಗ್ಯವಂತರಿಗೆ ಇದು ಬರುವುದೇ ಅಪರೂಪ. ಹಾಗಾಗಿ ಇದನ್ನು ಓದಿ ಎಲ್ಲರೂ ತಾಮ್ರದ ಮಾತ್ರೆ ಹುಡುಕಲು ಹೋಗಬೇಡಿ ಮತ್ತೆ.

ರಜೆಯ ಅರ್ಜಿಗೆ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟಾಗ ಗುಮಾಸ್ತರು ಎರಡು ಸಲ ಓದಿದರು. "ತಾಮ್ರದ ಕೊರತೆಗೆ ಎರಡು ತಿಂಗಳು ರಜೆಯಾ ಮೇಡಂ?" ಎಂಆರ್‌ಐ ರಿಪೋರ್ಟಿನ ಜೆರಾಕ್ಸ್ ಕೇಳಿದರು, ಕೊಟ್ಟೆ. ಬೆನ್ನುಹುರಿ ಎಂಬ ಶಬ್ದ ಕಂಡ ಮೇಲೆ ಸುಮ್ಮನಾದರು. ಸರ್ಟಿಫಿಕೇಟ್ ಬರೆಸುವಾಗ ಬೆನ್ನುಹುರಿಯ ವಿಷಯ ಮೊದಲ ಸಾಲಿನಲ್ಲೇ ಬರೆಸಿ, ತಾಮ್ರ ಎರಡನೇ ಸಾಲಿನಲ್ಲಿರಲಿ.

ರಕ್ತ ಬೇಗ ಚೇತರಿಸಿತು. ಐದನೇ ವಾರಕ್ಕೆ ಬಿಳಿ ಕಣ 4,600. ಹತ್ತನೇ ವಾರಕ್ಕೆ ಹಿಮೋಗ್ಲೋಬಿನ್ 11.6, ಒಂದು ಹನಿ ಐರನ್ ಇಲ್ಲದೆ. ರಕ್ತದ ಡಾಕ್ಟರು ಎರಡನೇ ಮಜ್ಜೆ ಪರೀಕ್ಷೆ ಬೇಡ ಎಂದರು. ಮಜ್ಜೆಯ ರಿಪೋರ್ಟಿನ ಆ ಕೊನೇ ಸಾಲಿನ ಬಗ್ಗೆ ಕೇಳಬೇಕೆಂದುಕೊಂಡೇ ಹೋಗಿದ್ದೆ. ಅಂಕಿ ನೋಡಿ ಅವರಿಗಾದ ಸಂತೋಷ ನೋಡಿದ ಮೇಲೆ ಕೇಳಲು ಮನಸ್ಸಾಗಲಿಲ್ಲ.

ಕಾಲು ಹಾಗಲ್ಲ. ನ್ಯೂರಾಲಜಿಸ್ಟ್ ಮೊದಲೇ ಹೇಳಿದ್ದರು, ಮುಂದೆ ಹಾಳಾಗುವುದು ನಿಲ್ಲುತ್ತದೆ, ಹೋದದ್ದು ಎಷ್ಟು ವಾಪಸ್ ಬರುತ್ತದೆ ಎಂದು ಮಾತು ಕೊಡಲಾರೆ ಎಂದು. ಎರಡು ಸಾಕ್ಸ್ ಹೋಗಿ ಈಗ ಒಂದು ಸಾಕ್ಸ್ ಆಗಿದೆ. ಟ್ಯೂನಿಂಗ್ ಫೋರ್ಕ್ ಮಂಡಿಯಲ್ಲಿ ಸಣ್ಣಗೆ ತಿಳಿಯುತ್ತದೆ, ಪಾದದಲ್ಲಿ ಇಲ್ಲ. ಲ್ಯಾಬಿನಿಂದ ಒಂದನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ, ಭಾನುವಾರಕ್ಕೊಮ್ಮೆ ಇಟ್ಟು ನೋಡುತ್ತೇನೆ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಕೊಂಡಿದ್ದೇನೆ. ಬಚ್ಚಲಲ್ಲಿ ಸ್ಟೂಲ್ ಬಂದಿದೆ, ಗೋಡೆಗೆ ಕಂಬಿ ಹಾಕಿಸಿದ್ದೇವೆ. ಕತ್ತಲಾದರೆ ಅಂಗಳಕ್ಕೆ ಟಾರ್ಚ್ ಇಲ್ಲದೆ ಇಳಿಯುವುದಿಲ್ಲ.

ಫಿಸಿಯೋಥೆರಪಿಯ ಹುಡುಗಿ ದಿನಾ ಒಂದು ಅಭ್ಯಾಸ ಹೇಳಿದ್ದಾಳೆ. ಮೂಲೆಯಲ್ಲಿ ಎರಡು ಗೋಡೆಗಳ ನಡುವೆ ಬೆನ್ನು ಕೊಟ್ಟು ನಿಲ್ಲಬೇಕು, ಪಾದ ಜೋಡಿಸಬೇಕು, ಕಣ್ಣು ಮುಚ್ಚಿ ಎಣಿಸಬೇಕು. ಅತ್ತೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಎಣಿಸುವುದು ಅವರೇ. ಮಾರ್ಚಿನಲ್ಲಿ ಎರಡಕ್ಕೇ ಗೋಡೆ ಹಿಡಿಯುತ್ತಿದ್ದೆ. ನಿನ್ನೆ ಹನ್ನೊಂದು ಎಣಿಸಿದರು. ನಾನು ಒಂಬತ್ತು ಅಂದುಕೊಂಡಿದ್ದೆ. ಅವರು ಸ್ವಲ್ಪ ಬೇಗ ಬೇಗ ಎಣಿಸುತ್ತಾರೆ.